ಮೊದಲ ರ‍್ಯಾಂಕಿನ ನೆರೇಯ್ದಾ

ನಾರಂಜೋ ಅಕಾಡೆಮಿಯ ಮಕ್ಕಳಿಗೆಲ್ಲ ನೆರೇಯ್ದಾ ಲೊಂಗೋರಿಯಾಳ ಹೆಸರು ಬಾಯಿಪಾಠ. ನದಿಯಾಚೆ ಮೆಕ್ಸಿಕೋ, ಈಚೆ ಟೆಕ್ಸಾಸ್. ಅಂಥ ಗಡಿ ಊರಿನಲ್ಲಿ ಹಳೆಯ ಕಿತ್ತಳೆ ಗೋದಾಮಿಗೆ ಸುಣ್ಣ ಬಳಿದು ಮಾಡಿದ ಚಾರ್ಟರ್ ಶಾಲೆ ಅದು. ದುಡ್ಡು ಸರ್ಕಾರದ್ದು, ಕಟ್ಟಳೆ ಮಾತ್ರ ಶಾಲೆಯದೇ. ಚೀಟಿ ಎತ್ತಿ ಸೀಟು ಕೊಡುತ್ತಾರೆ. ಒಳಗೆ ಹೋದ ಮೇಲೆ ಸಾಲಿನಲ್ಲಿ ತುಟಿ ಬಿಚ್ಚುವಂತಿಲ್ಲ, ಮನೆಪಾಠ ಮುಗಿಸದವರಿಗೆ ಶನಿವಾರವೂ ಶಾಲೆ. ಕಾಲೇಜಿಗೆ ಹೋಗುತ್ತೀಯಾ ಎಂದು ಅಲ್ಲಿ ಯಾರೂ ಕೇಳುವುದಿಲ್ಲ; ಯಾವ ಕಾಲೇಜಿಗೆ ಎಂದೇ ಕೇಳುವುದು.

ಆರನೇ ಕ್ಲಾಸಿಗೆ ಬಂದಾಗ ನೆರೇಯ್ದಾ ಜಾಣೆಯೇನಲ್ಲ. ಭಿನ್ನರಾಶಿ ಕಂಡರೆ ಹೊಟ್ಟೆನೋವು ಅನ್ನುತ್ತಿದ್ದ ಹುಡುಗಿ. ಅವಳ ತಾಯಿ ಓರ್ತೆನ್ಸಿಯಾಳಿಗೆ ಈರುಳ್ಳಿ ವಿಂಗಡಿಸುವ ಶೆಡ್ಡಿನಲ್ಲಿ ಕೆಲಸ. ಮಗಳ ಪುಸ್ತಕದ ಒಂದಕ್ಷರ ಓದಲು ಬಾರದಿದ್ದರೂ, ಅವಳು ಓದಿ ಮುಗಿಸುವವರೆಗೆ ಎದುರಿಗೆ ಕೂತು ಕಾಳು ಆರಿಸುತ್ತಿದ್ದಳು. ಇನ್ನು ರಸಾಯನಶಾಸ್ತ್ರದ ಇಮೆಲ್ಡಾ ಮಿಸ್ಸಂತೂ ಬಿಡುವ ಪೈಕಿಯೇ ಅಲ್ಲ. ಅಂಕ ಕಡಿಮೆ ಬಂದವರನ್ನು ಕಾರಿಡಾರಿನಲ್ಲೇ ತಡೆದು, ಊಟದ ಹೊತ್ತಿಗೆ ಪಕ್ಕದಲ್ಲಿ ಕೂರಿಸಿಕೊಂಡು, ತಮ್ಮ ಟೋರ್ಟಿಯಾ ರೊಟ್ಟಿಯನ್ನೇ ಹರಿದು ಕೊಟ್ಟು, ಕೈಗೆ ಹತ್ತುವವರೆಗೆ ಲೆಕ್ಕ ಮಾಡಿಸುತ್ತಿದ್ದರು. ಹೀಗೆ ತಿಕ್ಕಿ ತಿಕ್ಕಿ ಬೆಳಗಿದ ಹುಡುಗಿ ಹನ್ನೆರಡನೇ ತರಗತಿಯಲ್ಲಿ ಶಾಲೆಗೇ ಮೊದಲಿಗಳಾದಳು. ಒಹಾಯೋದ ಹೆಸರಾಂತ ಕಾಲೇಜೊಂದು ಪೂರ್ತಿ ವಿದ್ಯಾರ್ಥಿವೇತನ ಕೊಟ್ಟು ಕರೆಯಿತು.

ಅಲ್ಲಿ ರಸಾಯನಶಾಸ್ತ್ರದ ಮೊದಲ ಪರೀಕ್ಷೆಯಲ್ಲಿ ಬಂದದ್ದು ನೂರಕ್ಕೆ ನಲವತ್ತೊಂದು; ಅಲ್ಲಿ ಅದು ಫೇಲು. ಯಾರಾದರೂ ಕರೆದು ಬೈಯುತ್ತಾರೆಂದು ನೆರೇಯ್ದಾ ಕಾದಳು. ಯಾರೂ ಬೈಯಲಿಲ್ಲ. ಪ್ರೊಫೆಸರಿಗೆ ಅವಳ ಮುಖವೂ ಗೊತ್ತಿರಲಿಲ್ಲ. ಬೇಕಾದವರು ಬಂದು ಕೇಳಬಹುದೆಂದು ಅವರು ಬಾಗಿಲು ತೆರೆದಿಟ್ಟುಕೊಂಡೇ ಕೂರುತ್ತಿದ್ದರು. ಅವಳು ಆ ಬಾಗಿಲಿನ ಮುಂದೆ ನಡೆದು ಹೋಗುತ್ತಿದ್ದಳೇ ಹೊರತು ಒಳಗೆ ಕಾಲಿಡಲಿಲ್ಲ. ಮೊದಲ ರ‍್ಯಾಂಕಿನವಳು ಹೋಗಿ ನನಗೆ ತಿಳಿಯಲಿಲ್ಲ ಅನ್ನುವುದು ಹೇಗೆ? ಎರಡನೇ ಪರೀಕ್ಷೆ ಇನ್ನೂ ಕೆಟ್ಟಿತು. ಆಮೇಲೆ ಕ್ಲಾಸಿಗೆ ಹೋಗುವುದನ್ನೇ ಬಿಟ್ಟಳು. ವರ್ಷ ಕಳೆಯುವಷ್ಟರಲ್ಲಿ ವಿದ್ಯಾರ್ಥಿವೇತನ ನಿಂತಿತು. ಅದರ ಜೊತೆಗೆ ಕಾಲೇಜೂ.

ಊರಿಗೆ ಬಂದವಳು ತಾಯಿಗೆ, ಒಂದು ವರ್ಷ ಬಿಡುವು ಕೊಟ್ಟಿದ್ದಾರೆ, ಜಾಣರಿಗೆ ಹಾಗೆ ಕೊಡುವುದುಂಟು ಅಂದಳು. ಓರ್ತೆನ್ಸಿಯಾ ಅದನ್ನು ಚರ್ಚಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಳು. ಗುರುತಿನವರ ಕಣ್ಣಿಗೆ ಬೀಳಬಾರದೆಂದು ನೆರೇಯ್ದಾ ಪಕ್ಕದ ಊರಿನ ಸೂಪರ್‌ಮಾರ್ಕೆಟ್ಟಿನ ಬೇಕರಿಯಲ್ಲಿ ಕೆಲಸ ಹಿಡಿದಳು.

ಆದರೆ ಮರುವಸಂತದಲ್ಲಿ ಇಮೆಲ್ಡಾ ಮಿಸ್ ಅಲ್ಲಿಗೇ ಬಂದರು. ಕಾಲೇಜು ಸೇರಲಿರುವ ಮಕ್ಕಳನ್ನು ವೇದಿಕೆ ಹತ್ತಿಸುವ ಹಬ್ಬ ಶಾಲೆಯಲ್ಲಿ ಹತ್ತಿರವಾಗಿತ್ತು. ಅದಕ್ಕೆ ಕೇಕು ಹೇಳಬೇಕಿತ್ತು. ನೆರೇಯ್ದಾಳ ತಲೆಗೆ ಬಲೆ ಟೋಪಿ, ಕೈತುಂಬ ಹಿಟ್ಟು, ತಪ್ಪಿಸಿಕೊಳ್ಳಲು ದಾರಿಯಿಲ್ಲ.

“ಅಯ್ಯೋ ನಮ್ಮ ನೆರೇಯ್ದಾ! ಬಿಡುವಿನ ವರ್ಷದಲ್ಲೂ ಸುಮ್ನೆ ಕೂರೋ ಹುಡುಗಿಯಲ್ಲ ನೀನು,” ಅಂದರು ಮಿಸ್. ಆ ಮಾತು ಕೇಳಿ ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಹಬ್ಬದ ದಿನ ಬಂದು ಮಕ್ಕಳಿಗೆ ನಾಲ್ಕು ಮಾತು ಹೇಳು ಎಂದರೆ, ಒಲ್ಲೆ ಅನ್ನಲು ನಾಲಿಗೆ ಹೊರಳಲಿಲ್ಲ.

ಹೋದಳು. ಕಾಲೇಜಿನ ಹೆಸರಿದ್ದ ಕೆಂಪು ಅಂಗಿಯನ್ನು ತಾಯಿಯೇ ಇಸ್ತ್ರಿ ಮಾಡಿ ಹಾಕಿಸಿದ್ದಳು. ಕಷ್ಟಪಟ್ಟರೆ ಎಲ್ಲವೂ ಸಿಗುತ್ತದೆ ಎಂದು ವೇದಿಕೆಯ ಮೇಲೆ ಹೇಳಿದಳು. ಮಕ್ಕಳು ಕಾಲು ಬಡಿದು ಕೂಗಿದರು. ಎರಡನೇ ಸಾಲಿನಲ್ಲಿ ಓರ್ತೆನ್ಸಿಯಾ ಕಣ್ಣೊರೆಸಿಕೊಳ್ಳುತ್ತಿದ್ದಳು. ನೆರೇಯ್ದಾ ತಾಯಿಯ ಕಡೆ ನೋಡದೆ ಗೋಡೆ ನೋಡಿಕೊಂಡು ಮಾತು ಮುಗಿಸಿದಳು.

ಕೇಕು ಹಂಚುವಾಗ ಸಿತ್ಲಾಲಿ ಎಂಬ ಹುಡುಗಿ ಹತ್ತಿರ ಬಂದಳು. ಅವಳಿಗೂ ಅದೇ ಕಾಲೇಜು ಸಿಕ್ಕಿತ್ತು. “ಅಕ್ಕಾ, ನಿಜ ಹೇಳಿ, ಅಲ್ಲಿ ಕೆಮಿಸ್ಟ್ರಿ ತುಂಬಾ ಕಷ್ಟವಂತೆ. ನಂಗೆ ಅರ್ಥ ಆಗ್ಲಿಲ್ಲ ಅಂದ್ರೆ?”

“ಆಗತ್ತೆ ಬಿಡು,” ಅಂದು ನೆರೇಯ್ದಾ ಹೊರಗೆ ನಡೆದಳು. ಕಾರಿನ ಬಾಗಿಲಿಗೆ ಕೈ ಇಟ್ಟವಳಿಗೆ ಮುಂದೆ ಹೋಗಲಾಗಲಿಲ್ಲ. ತನಗಾದದ್ದು ಆಯಿತು, ಈ ಹುಡುಗಿಯನ್ನೂ ಅದೇ ಗುಂಡಿಗೆ ನೂಕಿ ಬಂದೆನಲ್ಲ ಅನ್ನಿಸಿ ತಿರುಗಿ ಒಳಗೆ ಹೋದಳು.

“ನಾ ಹೇಳಿದ್ದು ಸುಳ್ಳು ಕಣೇ,” ಅಂದಳು. “ನಂಗೆ ನಲವತ್ತೊಂದು ಬಂತು. ಯಾರನ್ನೂ ಕೇಳ್ಲಿಲ್ಲ, ನಾಚಿಕೆ. ನನ್ನನ್ನ ಕಾಲೇಜಿಂದ ತೆಗೆದುಹಾಕಿದ್ರು. ನೀನು ಮೊದಲನೇ ವಾರವೇ ಹೋಗಿ ಮೇಷ್ಟ್ರನ್ನ ಕೇಳು. ಅಲ್ಲಿ ನಿನ್ನ ಕೈ ಹಿಡಿದು ಕೂರಿಸೋರು ಯಾರೂ ಇಲ್ಲ.”

ಸಿತ್ಲಾಲಿಯ ಹಿಂದೆ ಇಮೆಲ್ಡಾ ಮಿಸ್ ನಿಂತಿದ್ದರು. ಅವರ ಪಕ್ಕದಲ್ಲಿ, ಮಗಳಿಗೆಂದು ಕೇಕಿನ ತಟ್ಟೆ ಹಿಡಿದ ಓರ್ತೆನ್ಸಿಯಾ.

ಮನೆಯ ಮುಂದೆ ಕಾರು ನಿಂತಾಗ ತಾಯಿ ಅಂದಳು: “ಫೇಲಾಗಿದ್ದು ಹೋಗ್ಲಿ ಮಗಳೇ. ನಾ ದೇವರ ಮನೇಲಿ ನಿಂತು ನಿನ್ನ ಸುಳ್ಳನ್ನ ಹಂಚಿದ್ನಲ್ಲ.” ಮುಂದಿನ ಭಾನುವಾರ ಅವಳು ಚರ್ಚಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತಳು. ಕೇಳಿದವರಿಗೆಲ್ಲ ನಿಜ ಹೇಳಿದಳು. ನೆರೇಯ್ದಾ ಪಕ್ಕದಲ್ಲೇ ಕೂತು, ಒಂದೊಂದು ಸಲವೂ ಅದನ್ನು ಕೇಳಿಸಿಕೊಂಡಳು.

ಕೆಲವು ದಿನ ಬಿಟ್ಟು ಇಮೆಲ್ಡಾ ಮಿಸ್ ಮನೆಗೆ ಬಂದರು. ಬುದ್ಧಿ ಹೇಳಲು ಬಂದರೆಂದುಕೊಂಡರೆ, ಅವರೇ ತಲೆ ತಗ್ಗಿಸಿ ಕೂತರು. “ನಿಮ್ಮನ್ನ ಬೀಳೋಕೇ ಬಿಡ್ಲಿಲ್ಲ ನಾನು. ಬಿದ್ರೆ ಏಳೋದು ಹೇಗೆ ಅಂತ ಕಲಿಸೋದು ಮರೆತೆ,” ಅಂದರು. ನೆರೇಯ್ದಾಳಿಗೆ ಅದೂ ಸಂಕಟವೇ. ತನ್ನ ತಪ್ಪಿಗೆ ಮಿಸ್ಸಿನ ಮುಖ ಬಾಡುವುದನ್ನು ನೋಡಲಾಗದೆ ಕಾಫಿ ತರುವ ನೆಪದಲ್ಲಿ ಎದ್ದು ಹೋದಳು.

ಬೇಸಗೆ ಕಳೆದ ಮೇಲೆ ಊರಿನ ಸಣ್ಣ ಕಾಲೇಜಿಗೆ ಸೇರಿದಳು. ಬೆಳಿಗ್ಗೆ ಬೇಕರಿ, ಮಧ್ಯಾಹ್ನ ಪಾಠ. ತನಗಿಂತ ಚಿಕ್ಕವರ ನಡುವೆ ಅದೇ ರಸಾಯನಶಾಸ್ತ್ರವನ್ನು ಮೊದಲಿನಿಂದ ಓದಿದಳು. ತಿಳಿಯದ್ದನ್ನು ಕೈ ಎತ್ತಿ ಕೇಳಿದಾಗಲೆಲ್ಲ ಕಿವಿ ಬಿಸಿಯಾಗುತ್ತಿತ್ತು, ಕೇಳುವುದನ್ನು ಬಿಡಲಿಲ್ಲ. ಪಾಸಾದಳು, ಹೇಳಿಕೊಳ್ಳುವಂಥ ಅಂಕವೇನಲ್ಲ.

ಚಳಿಗಾಲದಲ್ಲಿ ಒಹಾಯೋದಿಂದ ಸಿತ್ಲಾಲಿ ಫೋನ್ ಮಾಡಿದಳು. ಮೊದಲ ಪರೀಕ್ಷೆ ಕೆಟ್ಟಿತ್ತಂತೆ. ಪ್ರೊಫೆಸರ ಹತ್ತಿರ ಹೋಗಿ ಅತ್ತೇಬಿಟ್ಟಳಂತೆ. ಅವರು ವಾರವಾರ ಕೂರಿಸಿಕೊಂಡು ಹೇಳಿಕೊಟ್ಟರಂತೆ, ಈಗ ಪರವಾಗಿಲ್ಲವಂತೆ. ನೆರೇಯ್ದಾ ಬಾಯ್ತುಂಬ ಒಳ್ಳೆಯ ಮಾತಾಡಿ ಫೋನ್ ಇಟ್ಟಳು. ಸಂತೋಷವಾಗಿತ್ತು, ಸುಳ್ಳಲ್ಲ. ಆದರೆ ಒಳಗೆ ಎಲ್ಲೋ ಸಣ್ಣಗೆ ಹೊಟ್ಟೆಕಿಚ್ಚೂ ಆಯಿತು. ಅಷ್ಟೆಲ್ಲ ಆದ ಮೇಲೂ ಇದೊಂದು ಉಳಿದಿತ್ತಲ್ಲ ಎಂದು ತನಗೆ ತಾನೇ ನಾಚಿ, ಏಪ್ರನ್ ಕಟ್ಟಿಕೊಂಡು ಕೆಲಸಕ್ಕೆ ಹೊರಟಳು.