ಎಲುಬು ಕೂಡಿಸುವವನ ಹೆಬ್ಬೆರಳು

ನಮ್ಮಪ್ಪ ಯಂಕೋಬ ಎಲುಬು ಕೂಡಿಸುವವನು. ವಳಕಮದಿನ್ನಿಯಲ್ಲಿ ನಲವತ್ತು ವರ್ಷ ಜನರ ಕೈಕಾಲು ಎಳೆದು, ತಿರುವಿ, ಬಿದಿರಿನ ದಬ್ಬೆ ಕಟ್ಟಿ ಕಳಿಸಿದ. ಗದ್ದೆಯ ಬದುವಿನ ಮೇಲೆ ಜಾರಿದವರು, ಟ್ರ್ಯಾಕ್ಟರಿನಿಂದ ಬಿದ್ದವರು, ಗಂಡನಿಂದ ಹೊಡೆತ ತಿಂದ ಹೆಂಗಸರು, ಎಲ್ಲರೂ ನಮ್ಮ ಕಟ್ಟೆಗೆ ಬರುತ್ತಿದ್ದರು. ಕೈ ಹಾಕುವ ಮೊದಲು ಅಪ್ಪ ಒಂದೇ ಮಾತು ಕೇಳುತ್ತಿದ್ದ: "ಮುಟ್ಲೇನು?" ಹೂಂ ಅಂದ ಮೇಲೆಯೇ ಮುಟ್ಟುವುದು. ನಮ್ಮ ಮುತ್ತಜ್ಜನಿಂದ ಬಂದ ಪದ್ಧತಿ ಅದು. ಕೂಸಾಗಿದ್ದರೆ ಅದರ ತಾಯಿಯಾದರೂ ಹೂಂ ಅನ್ನಬೇಕಿತ್ತು.

ಅಂಥ ಕೈಯನ್ನು ಸಿಂಧನೂರಿನ ಶಿವರಾಜ ಜಜ್ಜಿಬಿಟ್ಟ. ಭತ್ತ ಕೊಯ್ಯುವ ಮಷಿನ್ ಇಟ್ಟುಕೊಂಡವನು ಅವನು. ಅವನ ತಮ್ಮನ ಕಾಲು ಮುರಿದಾಗ ಅಪ್ಪ ದಬ್ಬೆ ಕಟ್ಟಿ, ನಲವತ್ತು ದಿನ ಬಿಚ್ಚಬೇಡ ಅಂದಿದ್ದ. ಆ ಮೂಳ ಹನ್ನೆರಡನೇ ದಿನಕ್ಕೆ ದಬ್ಬೆ ಕಿತ್ತೆಸೆದು ಗೆಳೆಯನ ಮದುವೆ ಮೆರವಣಿಗೆಯಲ್ಲಿ ಕುಣಿದ. ಕಾಲು ಸೊಟ್ಟಗಾಯಿತು. ತಪ್ಪು ಯಾರ ತಲೆಗೆ? ಅಪ್ಪನ ತಲೆಗೆ. ಹಾಡಹಗಲು ಮೂವರನ್ನು ಕರೆತಂದ ಶಿವರಾಜ, ಅಪ್ಪನ ಬಲಗೈಯನ್ನು ಸೊಪ್ಪು ಅರೆಯುವ ಕಲ್ಲಿನ ಮೇಲೆ ಒತ್ತಿ ಹಿಡಿಸಿ, ಹೆಬ್ಬೆರಳಿಗೆ ಹಾರೆಯಿಂದ ಮೂರು ಏಟು ಹಾಕಿದ. ಮೊದಲ ಏಟಿಗೆ ಉಗುರು ಹಾರಿತು. ಎರಡನೆಯದಕ್ಕೆ ಎಲುಬಿನ ಸದ್ದು ಬಾಗಿಲಲ್ಲಿ ನಿಂತ ನನಗೂ ಕೇಳಿಸಿತು. ಮೂರನೆಯದಕ್ಕೆ ಅಪ್ಪ ಕೂಗಲಿಲ್ಲ, ನಾನು ಕೂಗಿದೆ. ಆಮೇಲೆ ಹಿರಿಯರು ಕೂಡಿ ರಾಜಿ ಮಾಡಿದರು. ಅವರ ರಾಜಿಗೆ ಬೆಂಕಿ ಬೀಳಲಿ.

ಲಿಂಗಸುಗೂರಿನ ಡಾಕ್ಟರು ತಂತಿ ಹಾಕಿ ಬೆರಳು ಉಳಿಸಿದರು. ದಿನವೂ ಅದನ್ನು ಆಡಿಸುತ್ತಿರಬೇಕು, ಇಲ್ಲವಾದರೆ ಕಟ್ಟಿಗೆಯಾಗಿಬಿಡುತ್ತದೆ, ಇನ್ನು ಎಲುಬು ಕೂಡಿಸುವ ಆಸೆ ಬಿಡಬೇಕು ಅಂದರು. ನಾನು ಅಪ್ಪನನ್ನು ಮಸ್ಕಿಗೆ, ನನ್ನ ಹೊಲಿಗೆ ಅಂಗಡಿಗೆ ಕರೆತಂದೆ. ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಅವನು ಮೂಸಿಯೂ ನೋಡಲಿಲ್ಲ. ಗೋಡೆ ನೋಡುತ್ತ ಕೂರುತ್ತಿದ್ದ.

ಪಕ್ಕದ್ದು ಮಹೆಕ್‌ಳ ಜೆರಾಕ್ಸ್ ಅಂಗಡಿ. ಗಿರಾಕಿ ಇಲ್ಲದಾಗ ಆ ಹುಡುಗಿ ಟಿವಿಗೆ ವಿಡಿಯೋ ಗೇಮಿನ ಡಬ್ಬಿ ಜೋಡಿಸಿ ಆಟ ಆಡುತ್ತಾಳೆ. ಸ್ಕೇಟ್‌ಬೋರ್ಡು ಅಂತೆ, ಚಕ್ರದ ಹಲಗೆ. ಅದರ ಮೇಲೆ ಒಬ್ಬ ಹುಡುಗ ನಿಂತು ಊರು ಸುತ್ತುತ್ತಾನೆ. ರಿಮೋಟಿನ ಬಲಗಡೆಯ ಸಣ್ಣ ಕಡ್ಡಿಯೇ ಅವನ ಕಾಲು. ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದರೆ ಕುಕ್ಕರಿಸುತ್ತಾನೆ, ತಟ್ಟನೆ ಮುಂದಕ್ಕೆ ನೂಕಿದರೆ ಹಲಗೆಯ ಸಮೇತ ಹಾರುತ್ತಾನೆ. ಕೂದಲೆಳೆಯಷ್ಟು ತಪ್ಪಿದರೂ ಬೀಳುತ್ತಾನೆ, ಖರೇ ಮನುಷ್ಯ ಬಿದ್ದಂತೆಯೇ. ಮಹೆಕ್ ರಿಮೋಟನ್ನು ಅಪ್ಪನ ಕೈಗಿಟ್ಟಳು.

ಮೊದಲ ಹಾರಿಕೆಯಲ್ಲೇ ಹುಡುಗ ಮೆಟ್ಟಿಲ ಮೇಲೆ ಅಪ್ಪಳಿಸಿದ. ಲಟಕ್ ಅಂತ ಸದ್ದಾಯಿತು. ಮುರಿದ ಎಲುಬುಗಳು ಪರದೆಯ ಮೇಲೆ ಕೆಂಪಗೆ ಮೂಡಿದವು. ಅಪ್ಪ ಬಗ್ಗಿ ನೋಡಿದ. "ತೊಡಿ ಎಲುಬು ಹೋಗೈತಿ. ಎರಡು ಪಕ್ಕೆಲುಬು," ಅಂದು ರಿಮೋಟು ಕೆಳಗಿಟ್ಟ.

"ಬಟನ್ ಒತ್ರಿ ಕಾಕಾ, ಏಳ್ತಾನ," ಅಂದಳು ಮಹೆಕ್.

"ತೊಡಿ ಮುರದವನ್ನ ಎಬ್ಬಿಸಬಾರದು ಬೇಟಾ. ಮಲಗಲಿ."

ಹುಡುಗನನ್ನು ಮಲಗಿಸಿಯೇ ಕೂತ. ಮಹೆಕ್ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡಳು, ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಹತ್ತು ದಿನದಲ್ಲಿ ಅಪ್ಪ ಬಟನ್ ಒತ್ತುವುದನ್ನು ಕಲಿತ. ತಿಂಗಳಿಗೆ ಬೇರೆಯೇ ಆಟ ಶುರುವಾಯಿತು. ಹುಡುಗನನ್ನು ಎತ್ತರದ ಕಟ್ಟಡದ ತುದಿಗೆ ಒಯ್ಯುವುದು, ಚೆಂದ ಹಾರಿಸುವುದು, ಬೇಕಂತಲೇ ತಲೆಕೆಳಗಾಗಿ ಕೆಡವುವುದು. ಎಬ್ಬಿಸುವುದು, ಮತ್ತೆ ಕೆಡವುವುದು. ಎತ್ತರದಿಂದ ಕೆಡವಬೇಕಾದರೆ ಮೊದಲು ಸರಿಯಾಗಿ ಹಾರಿಸಲು ಬರಬೇಕು. ಹಾಗಾಗಿ ಬೆರಳು ಸಡಿಲಾಯಿತು. ಚಹದ ಕಪ್ಪು ಎತ್ತಲಾರದವನು ನನ್ನ ಸೂಜಿಗೆ ದಾರ ಪೋಣಿಸಿಕೊಟ್ಟ.

"ಅಪ್ಪಾ, ಯಾರನ್ನ ಕೆಡವಾಕತ್ತಿ?" ಅಂದೆ ಒಂದು ದಿನ.

"ಶಿವರಾಜನ್ನ."

ನನ್ನ ಹೊಟ್ಟೆ ತಣ್ಣಗಾಯಿತು. "ಇನ್ನೊಮ್ಮೆ ಕೆಡವು. ಈ ಸಲ ಕುತ್ತಿಗಿ ಮುರೀಲಿ."

ಕೆಡವಿದ. ಕುತ್ತಿಗೆಯೇ ಮುರಿಯಿತು. ಅಪ್ಪ ಮಗಳು ಇಬ್ಬರೂ ನಕ್ಕೆವು. ಮಹೆಕ್ ನಗಲಿಲ್ಲ.

ಸುಗ್ಗಿ ನಡೆದಿತ್ತು. ಒಂದು ಮಧ್ಯಾಹ್ನ ಯಾರೋ ಇಬ್ಬರು ಒಬ್ಬನನ್ನು ಎತ್ತಿಕೊಂಡು ನನ್ನ ಅಂಗಡಿಗೆ ನುಗ್ಗಿದರು. ಬೈಕು ಭತ್ತದ ಟ್ರ್ಯಾಲಿಗೆ ಬಡಿದು ಭುಜದ ಕೀಲು ತಪ್ಪಿತ್ತು. ಎಲುಬು ಕೂಡಿಸುವವನು ಇಲ್ಲಿದ್ದಾನೆಂದು ಬಸ್‌ಸ್ಟ್ಯಾಂಡಿನವರು ಹೇಳಿದ್ದರಂತೆ. ಪೆಟ್ಟು ತಿಂದವನು ಶಿವರಾಜ. ಅಪ್ಪನನ್ನು ಕಂಡು ಏಳಲು ನೋಡಿದ, ಆಗಲಿಲ್ಲ.

ನಾನು ದೊಡ್ಡ ಕತ್ತರಿ ಕೈಗೆತ್ತಿಕೊಂಡೆ. "ಇವನ್ನ ಹೊರಗ ಒಯ್ಯಿರಿ, ಇಲ್ಲಾಂದ್ರ ಇಲ್ಲೇ ಚುಚ್ಚತೀನಿ."

"ಕತ್ತರಿ ಇಡು," ಅಂದ ಅಪ್ಪ.

"ತಪ್ಪಾತ್ರಿ ಯಜಮಾನ್ರ. ಜೀವ ಹೋಗಾಕತ್ತೈತಿ," ಅಂದ ಶಿವರಾಜ.

ಅಪ್ಪ ಅವನನ್ನು ನೆಲಕ್ಕೆ ಮಲಗಿಸಿ, ಕಂಕುಳಿಗೆ ಹಿಮ್ಮಡಿ ಕೊಟ್ಟು, ಮಣಿಕಟ್ಟು ಹಿಡಿದ. ತಪ್ಪಿದ ಭುಜವನ್ನು ಹೇಗೆ ಕೂಡಿಸುತ್ತಾರೆಂದು ನಾನು ನೂರು ಸಲ ನೋಡಿದ್ದೇನೆ. ಮೆಲ್ಲಗೆ ಕೆಳಗೆ ಎಳೆದು ಒಳಗೆ ತರುತ್ತಾರೆ. ಆದರೆ ಅವತ್ತು ಅಪ್ಪ ಹೆಬ್ಬೆರಳನ್ನು ಕೀಲಿನೊಳಗೆ ಊರಿ ತೋಳನ್ನು ಹಿಂದಕ್ಕೆ ತಿರುವಿದ. ಒಳಗೆ ಏನೋ ಪರ್ ಅಂತ ಹರಿಯಿತು. ಶಿವರಾಜ ಅರಚಿದ ಸದ್ದಿಗೆ ಬೀದಿಯೇ ಬಾಗಿಲಿಗೆ ಬಂತು. ನಾಲಿಗೆ ಕಚ್ಚಿಕೊಂಡಿದ್ದ. ಕತ್ತರಿಸಿಟ್ಟ ಜಾಕೀಟಿನ ಬಟ್ಟೆಯ ಮೇಲೆ ರಕ್ತ ಹರಿಯಿತು, ಕೆಳಗೆ ಉಚ್ಚೆ ಹರಿಯಿತು. ನಾನ್ಯಾಕೆ ಸುಳ್ಳು ಹೇಳಲಿ, ನನಗೆ ಖುಷಿಯಾಯಿತು. ಆಮೇಲೆ ಹೊಳೆಯಿತು. ಅಪ್ಪ "ಮುಟ್ಲೇನು" ಅಂತ ಕೇಳಿರಲಿಲ್ಲ.

ಅಪ್ಪನ ಮೈಯೆಲ್ಲ ಬೆವರಿತ್ತು. ತನ್ನ ಹೆಬ್ಬೆರಳನ್ನೇ ನೋಡಿಕೊಂಡ. ಆಮೇಲೆ ಬಗ್ಗಿ ಕೇಳಿದ: "ಮುಟ್ಲೇನು?"

ಶಿವರಾಜ ಕಣ್ಣು ಮೇಲೆ ಮಾಡಿ "ಬ್ಯಾಡ, ಬ್ಯಾಡ" ಅಂದ. ಅಪ್ಪ ಮತ್ತೆ ಕೇಳಿದ. ಮೂರನೆಯ ಸಲಕ್ಕೆ ಅವನು ಹೂಂ ಅಂದ. ಒಂದೇ ಮೆತ್ತಗಿನ ಎಳೆತ. ಟಕ್ ಅಂತ ಕೀಲು ಕೂತಿತು.

ಅಂದಿನಿಂದ ಅಪ್ಪ ಮಹೆಕ್‌ಳ ಅಂಗಡಿಗೆ ಹೋಗಲಿಲ್ಲ. ವಾರದ ಮೇಲೆ ಗದ್ದೆಮ್ಮ ಅನ್ನುವ ಮುದುಕಿ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಕೂಸಿನ ಮಣಿಕಟ್ಟು ಬಾತಿತ್ತು. ಅಪ್ಪ ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡ. "ಲಿಂಗಸುಗೂರಿಗೆ ಕರಕೊಂಡು ಹೋಗವ್ವ," ಅಂದ.

ನನಗೆ ಸಿಟ್ಟು ನೆತ್ತಿಗೇರಿತು. "ಬೆರಳು ಆಡಾಕತ್ತೈತಲ್ಲ, ನಿನಗೇನ್ ಧಾಡಿ?"

ಅಪ್ಪ ಹೆಬ್ಬೆರಳನ್ನು ಮಡಚಿ, ಬಿಚ್ಚಿ ತೋರಿಸಿದ. "ಚಲೋ ಆಗೈತಿ ಮಗಳ. ಈಗ ಏನ್ ಬೇಕಾದ್ರೂ ಮಾಡ್ತೈತಿ ಇದು. ಅದಕ್ಕ ಮುಟ್ಟಂಗಿಲ್ಲ."

ಗದ್ದೆಮ್ಮ ಅಳುವ ಕೂಸನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದಳು. ನಾನು ಹೊಲಿಗೆ ಮಷಿನ್ ತುಳಿದೆ. ಇನ್ನೊಮ್ಮೆ ಕೆಡವು ಅಂದವಳು ನಾನೇ.