ಒರೀಲಿಯಾಳ ಮನೆಗೆ ಬಂದ ತಟ್ಟೆಗಳು

ಅಮೆರಿಕದ ಬಫಲೋ ನಗರದ ಹೋಟೆಲೊಂದರಲ್ಲಿ ಒರೀಲಿಯಾ ಇಪ್ಪತ್ತು ವರ್ಷ ಬಟ್ಟೆಗಳಿಗೆ ಇಸ್ತ್ರಿ ಹಾಕಿದವಳು. ಮಗ ಲೂಶಸ್ ಎಲ್ಲಿ ಎಂದು ಚರ್ಚಿನವರು ಕೇಳಿದರೆ, "ಜರ್ಮನೀಲಿ, ಸೈನ್ಯದಲ್ಲಿ" ಎನ್ನುತ್ತಿದ್ದಳು. ಅವನಿದ್ದದ್ದು ಐವತ್ತು ಮೈಲಿ ಆಚೆಯ ಸೆರೆಮನೆಯಲ್ಲಿ. ಒಂದು ಸುಳ್ಳಿಗೆ ನೂರು ಸುಳ್ಳು ಬೇಕು. ಅವಳು ಮಗನಿಗೆ ಬಡ್ತಿಯನ್ನೂ ಕೊಡಿಸಿದ್ದಳು.

ಗುರುವಾರ ಆ ಸೆರೆಮನೆ ದಂಗೆ ಎದ್ದಿತು. ಒಳಗೆ ಹೆಚ್ಚಿನವರು ಕಪ್ಪು ಜನ, ಕಾವಲಿನವರೆಲ್ಲ ಬಿಳಿಯರು. ಕೆಲವು ಕಾವಲಿನವರನ್ನು ಒತ್ತೆ ಇಟ್ಟುಕೊಂಡ ಕೈದಿಗಳು, ಗವರ್ನರ್ ಬಂದು ಮಾತಾಡಲಿ ಎಂದರು. ಬರುವುದಿಲ್ಲ ಎಂದು ರೇಡಿಯೋದಲ್ಲೇ ಹೇಳಿದರು ಗವರ್ನರ್ ಸಾಹೇಬರು. ದೊಡ್ಡವರ ಬಾಯಿಗೆ ರೇಡಿಯೋ ಸಾಕು, ಕಾಲು ಬೇಡ.

ಕಷ್ಟ ಬಂದ ಮನೆಗೆ ಕೋಳಿ ಹುರಿದು ತಟ್ಟೆ ಒಯ್ಯುವುದು, ಜೊತೆಗೆ ಕೂರುವುದು ಒರೀಲಿಯಾ ಇದ್ದ ಕಪ್ಪು ಜನರ ಬೀದಿಯ ಪದ್ಧತಿ. ಮಕ್ಕಳು ಒಳಗಿದ್ದ ನಾಲ್ಕು ಮನೆಗಳಿಗೆ ತಟ್ಟೆಗಳು ಹೋದವು. ಒರೀಲಿಯಾಳ ಬಾಗಿಲನ್ನು ಯಾರೂ ತಟ್ಟಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ತನಗೆ ತಾನೇ ಹೇಳಿಕೊಂಡರೂ ಅಳು ನಿಲ್ಲಲಿಲ್ಲ. ಮೂರು ದಿನ ಒಬ್ಬಳೇ ರೇಡಿಯೋ ಮುಂದೆ ಕೂತಳು.

ಭಾನುವಾರ ಬಿಳಿಯ ಶಾಸಕ ಹಾರ್ಕ್‌ನೆಸ್ ಚರ್ಚಿಗೆ ಬಂದ. ಚುನಾವಣೆ ಹತ್ತಿರವಿತ್ತಲ್ಲ!

"ಮೃಗಗಳ ಜೊತೆ ಏನ್ರಿ ಮಾತು? ಗವರ್ನರ್ ಹೇಳಿದ್ದೇ ಸರಿ, ಪೊಲೀಸರು ನುಗ್ಗಲಿ. ನೀವು ಮರ್ಯಾದಸ್ಥರು. ನಿಮಗೂ ಅವರಿಗೂ ಏನು ಸಂಬಂಧ?"

ಒರೀಲಿಯಾ ಎದ್ದು ನಿಂತಳು. ಆ ಚರ್ಚಿನಲ್ಲಿ ಮಾತು ಒಪ್ಪಿಗೆಯಾದರೆ ಎದ್ದು ನಿಲ್ಲುವುದು ರೂಢಿ. ಶಾಸಕನಿಗೂ ಅದು ಗೊತ್ತಿತ್ತು.

"ನೋಡಿ, ಈ ತಾಯಿ ಒಪ್ಪಿದ್ರು!"

ಪಕ್ಕದಲ್ಲಿದ್ದ ಗೆಳತಿ ಒಡೆಸಾ ಸೆರಗಿನಂತಿದ್ದ ಅವಳ ಶಾಲನ್ನು ಜಗ್ಗಿದಳು. "ಕೂತ್ಕೊಳ್ಳೇ! ನಿನ್ನ ಮಗ ಹಾಯಾಗಿದಾನೆ ಅಂತ ಇವನಿಗೆ ತಾಳ ಹಾಕ್ತೀಯಾ?"

"ಒಪ್ಪಿಲ್ಲ ಸ್ವಾಮಿ," ಎಂದಳು ಒರೀಲಿಯಾ. "ನನ್ನ ಮಗ ಅಲ್ಲೇ ಒಳಗಿದಾನೆ. ಜರ್ಮನಿ ಎಲ್ಲ ಸುಳ್ಳು. ಪೊಲೀಸರನ್ನ ಕಳಿಸೋಕೆ ಮುಂಚೆ ನಿಮ್ಮ ಗವರ್ನರ್‌ಗೆ ಹೇಳಿ, ಲೂಶಸ್‌ಗೆ ತಾಯಿ ಇದಾಳೆ ಅಂತ."

ಶಾಸಕ ಗಡಿಯಾರ ನೋಡಿಕೊಂಡ.

ಸೋಮವಾರ ಬೆಳಿಗ್ಗೆ ಪೊಲೀಸರು ನುಗ್ಗಿ ಗುಂಡು ಹಾರಿಸಿದರು. ಮಧ್ಯಾಹ್ನ ಒಡೆಸಾ ತಟ್ಟೆ ತಂದು ಮೇಜಿನ ಮೇಲೆ ಇಟ್ಟಳು. ಹಿಂದೆಯೇ ಇನ್ನೊಬ್ಬಳು, ಮತ್ತೊಬ್ಬಳು. ಮೇಜು ತುಂಬಿ ಕಿಟಕಿಯ ಕಟ್ಟೆಯ ಮೇಲೂ ಇಟ್ಟರು. ಉಳಿದ ನಾಲ್ಕು ಮನೆಗಳಲ್ಲಿ ಯಾರಿಗೂ ಇಷ್ಟು ತಟ್ಟೆ ಬಂದಿರಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದ ಪಾದ್ರಿ ಬಾಗಿಲಿಗೆ ಬರುವ ಮೊದಲೇ, ಆ ತಟ್ಟೆಗಳಿಂದಲೇ, ಒರೀಲಿಯಾಳಿಗೆ ಮಗನ ಸುದ್ದಿ ತಿಳಿದಿತ್ತು.