ಥಿಯೇಟರ್ ಬಾಗಿಲಲ್ಲಿ ಕೂಗಿದ ಇಂಗ್ಲಿಷ್

ಹೋದ ವರ್ಷದ ಶ್ರಾವಣ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಮ್ಮದು ಬಳೆ ಅಂಗಡಿ. ಪರಊರಿನ ಗಿರಾಕಿಗಳ ಜೊತೆ ನಾಲ್ಕು ಮಾತಾಡೋಣವೆಂದು ನಲವತ್ತೆರಡನೇ ವಯಸ್ಸಿನಲ್ಲಿ ಇಂಗ್ಲಿಷ್ ಕಲಿಯಲು ಹೊರಟಿದ್ದೆ. ಮಿಷನ್ ಶಾಲೆಯಿಂದ ನಿವೃತ್ತರಾದ ಅಕ್ಕೋರೊಬ್ಬರು ಸಂಜೆ ಕಲಿಸುತ್ತಿದ್ದರು. ವಾರಕ್ಕೊಂದೇ ಕ್ರಿಯಾಪದ, ಆ ಕೆಲಸ ಮಾಡುವಾಗಲೆಲ್ಲ ಅದನ್ನು ಬಾಯಿಬಿಟ್ಟು ಹೇಳಬೇಕು. ಆ ವಾರದ್ದು ‘ಈಟ್’, ಅಂದರೆ ತಿನ್ನು. ಊಟಕ್ಕೆ ಕೂತು ‘ಐ ಈಟ್ ರೊಟ್ಟಿ, ಯೂ ಈಟ್ ರೊಟ್ಟಿ’ ಎಂದು ಶುರು ಮಾಡಿದರೆ ಅತ್ತೆ, “ಸುಮ್ನ ತಿನ್ನವಾ, ರೊಟ್ಟಿ ಆರಾಕತ್ತಾವು” ಎನ್ನುತ್ತಿದ್ದರು.

ಆ ಸೋಮವಾರ ಅತ್ತೆಗೆ ಪಿತ್ತಕೋಶದ ಕಲ್ಲಿನ ಆಪರೇಷನ್. ಹಿಂದಿನ ರಾತ್ರಿಯಿಂದಲೇ ಉಪವಾಸವಿರಬೇಕೆಂದು ಆಸ್ಪತ್ರೆಯವರು ಸಾರಿ ಸಾರಿ ಹೇಳಿದ್ದರು. ಆಪರೇಷನ್ ಥಿಯೇಟರ್ ಬಾಗಿಲಲ್ಲಿ ನರ್ಸ್ ಕೇಳಿದಾಗಲೂ ಸ್ಟ್ರೆಚರ್ ಮೇಲಿದ್ದ ಅತ್ತೆ, “ಹೂಂನ್ರಿ, ಉಪಾಸ ಅದೀನ್ರಿ” ಎಂದರು. ನರ್ಸ್ ಫೈಲ್ ಹಿಡಿದು ಒಳಗೆ ಹೋದಳು. ನನ್ನ ಗಂಡ ಔಷಧಿ ತರಲು ಕೆಳಗೆ ಹೋಗಿದ್ದರು.

“ಭಾಳ ಹಸಿವಾಗೇತೇನ್ರಿ ಅತ್ತಿ?” ಎಂದೆ.

“ಏನಿಲ್ಲ ತಗೊ. ಶ್ರಾವಣ ಸ್ವಾಮಾರ ಅಲ್ಲೇನು? ಮುಂಜಾನಿ ನೀ ಏಳೂದ್ರಾಗ ಒಂದು ಬಟ್ಟಲ ಸಾಬುದಾನಿ ಖಿಚಡಿ ತಿಂದೇನಿ.”

ನಮ್ಮಲ್ಲಿ ಸಾಬುದಾನಿ, ಅಂದರೆ ಸಬ್ಬಕ್ಕಿ, ತಿಂದರೆ ಉಪವಾಸ ಕೆಡುವುದಿಲ್ಲ. ದೇವರಿಗೆ ನಡೆದದ್ದು ಡಾಕ್ಟರಿಗೂ ನಡೆಯುತ್ತದೆಂದು ನಮ್ಮ ಅತ್ತೆ ಆರಾಮಾಗಿ ಮಲಗಿದ್ದರು.

ಅಷ್ಟರಲ್ಲಿ ಅರಿವಳಿಕೆ ಕೊಡುವ ಡಾಕ್ಟರು ಬಂದರು. ಹೊರರಾಜ್ಯದವರು, ಹೊಸಬರು, ಕನ್ನಡ ಬಾರದು. “ಸರ್, ನಿಲ್ರೀ! ತಿಂದಾರ್ರೀ!” ಎಂದು ಕೂಗಿದೆ. ಹೆದರಿದ್ದಾಳೆ ಎಂದುಕೊಂಡರೋ ಏನೋ, ನಕ್ಕು, ಸಮಾಧಾನ ಎಂಬಂತೆ ಕೈಮಾಡಿ, ತಾವೇ ಸ್ಟ್ರೆಚರ್ ಒಳಗೆ ತಳ್ಳತೊಡಗಿದರು. ನಾನು ಓಡಿಹೋಗಿ ಕಂಬಿ ಹಿಡಿದೆ.

“ಸರ್! ಶೀ ಈಟ್! ಮಾರ್ನಿಂಗ್ ಈಟ್! ಖಿಚಡಿ ಈಟ್!”

ಸ್ಟ್ರೆಚರ್ ಗಕ್ಕನೆ ನಿಂತಿತು. “ಈಟ್? ಟುಡೇ?”

“ಯೆಸ್ ಸರ್, ಈಟ್! ಈಟ್!”

ಅವರು ನರ್ಸನ್ನು ಕರೆದು ಎಲ್ಲ ಬಿಡಿಸಿ ಹೇಳಿಸಿದರು. ಅರಿವಳಿಕೆಯಿಂದ ಪ್ರಜ್ಞೆ ತಪ್ಪಿದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯವಂತೆ. ಆಪರೇಷನ್ ಮರುದಿನಕ್ಕೆ ಹೋಯಿತು. ಎಲ್ಲ ಸುಸೂತ್ರವಾಗಿ ಮುಗಿದು, ಕಣ್ಣು ತೆರೆದ ಅತ್ತೆ ಕೇಳಿದ ಮೊದಲ ಮಾತು, “ಈಗರ ಏನಾರ ತಿನ್ಲೇನು?” ನಾನು ನಗುತ್ತಲೇ ಅತ್ತುಬಿಟ್ಟೆ.

ನನ್ನ ಇಂಗ್ಲಿಷ್ ಇನ್ನೂ ಅಷ್ಟಕ್ಕಷ್ಟೇ. ಆದರೆ ಆ ದಿನ ತಪ್ಪಾದೀತೆಂದು ನಾಚಿ ಬಾಯಿ ಮುಚ್ಚಿಕೊಂಡಿದ್ದರೆ ಅತ್ತೆ ನಮಗೆ ಉಳಿಯುತ್ತಿದ್ದರೋ ಇಲ್ಲವೋ. ಅಂಗಡಿಯಿಂದ ಬಂದವಳೇ ಮೊದಲು ಅತ್ತೆಯ ಮುಖ ನೋಡುತ್ತೇನೆ. “ಯಾಕ ಹಿಂಗ ನೋಡಾಕತ್ತಿ?” ಎಂದು ಅವರು ಕೇಳಿದರೆ ‘ಯೂ ಈಟ್ ರೊಟ್ಟಿ’ ಎನ್ನುತ್ತ ಅವರ ತಟ್ಟೆಗೆ ಬಿಸಿ ರೊಟ್ಟಿ ಹಾಕುತ್ತೇನೆ.